ದೊಡ್ಡ ಅಕ್ಷರ ಎಲ್ಲ ಕಣ್ಣಿಗೂ ಮದ್ದಲ್ಲ

ಪ್ರಶ್ನೆ: ಕುಶಾಲನಗರದಲ್ಲಿ ನಮ್ಮದೊಂದು ಪುಟ್ಟ ತಂಡವಿದೆ. ಕಾಫಿ ತೋಟಗಳ ಚೆಕ್‌ರೋಲ್ (ಕೆಲಸದವರ ಹಾಜರಿ ಪಟ್ಟಿ), ಕೊಯ್ಲಿನ ತೂಕ, ಮಳೆ ದಾಖಲೆ ಇವನ್ನೆಲ್ಲ ಇಡುವ ಸಾಫ್ಟ್‌ವೇರ್ ತಯಾರಿಸುತ್ತೇವೆ. ಈಚೆಗೆ ಸೇರಿದ ಪ್ರೋಗ್ರಾಮರ್ ಒಬ್ಬರಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಣ್ಣಿನ ತೊಂದರೆ ಇದೆ. ಕೆಲಸದಲ್ಲಿ ಬಹಳ ಚುರುಕು. ಅನುಕೂಲವಾಗಲೆಂದು 27 ಅಂಗುಲದ ಮಾನಿಟರ್ ತಂದೆವು, ಕೋಡ್ ಬರೆಯುವ ಎಡಿಟರ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಟ್ಟೆವು. ಕಷ್ಟ ಇಳಿಯುವ ಬದಲು ಹೆಚ್ಚಾದಂತಿದೆ. ಸಂಕೋಚದಿಂದ ಅವರು ಬಾಯಿ ಬಿಡುವುದಿಲ್ಲ. ನಮ್ಮ ಕೈಪಿಡಿಗಳನ್ನು ಓದುವಷ್ಟರಲ್ಲಂತೂ ಅವರಿಗೆ ಸಾಕುಸಾಕಾಗುತ್ತದೆ. ಎಡಿಟರ್, ಕೋಡ್, ಕೈಪಿಡಿ ಇವುಗಳಲ್ಲಿ ಏನೇನು ಬದಲಿಸಬೇಕು? ಖರ್ಚು ಎಷ್ಟಾದೀತು?

ಉತ್ತರ: ಮಾನಿಟರನ್ನು ಒಳ್ಳೆಯ ಮನಸ್ಸಿನಿಂದಲೇ ತಂದಿದ್ದೀರಿ, ಆದರೆ ಈ ತೊಂದರೆಗೆ ಅದು ತಿರುಗು ಮದ್ದು. ರೆಟಿನೈಟಿಸ್ ಪಿಗ್ಮೆಂಟೋಸಾದಲ್ಲಿ ಸಾಮಾನ್ಯವಾಗಿ ಮೊದಲು ಸೊರಗುವುದು ಕಣ್ಣಿನ ಒಳಪದರವಾದ ರೆಟಿನಾದ ರಾಡ್ ಕೋಶಗಳು. ಮಬ್ಬು ಬೆಳಕಿನಲ್ಲಿ ನೋಡಲು, ಅಕ್ಕಪಕ್ಕದ ಅಲುಗಾಟವನ್ನು ಗ್ರಹಿಸಲು ನಮಗೆ ನೆರವಾಗುವುದು ಅವೇ. ಹಾಗಾಗಿ ಮೊದಲು ಇರುಳುಗುರುಡು ಕಾಣಿಸಿಕೊಳ್ಳುತ್ತದೆ, ಆಮೇಲೆ ನೋಟದ ಅಂಚುಗಳು ನಾಲ್ಕೂ ಕಡೆಯಿಂದ ಒಳಕ್ಕೆ ಸರಿಯುತ್ತಾ ಬರುತ್ತವೆ. ನಟ್ಟನಡುವಿನ ನೋಟ ಅನೇಕರಲ್ಲಿ ಬಹಳ ವರ್ಷ ಚೆನ್ನಾಗಿಯೇ ಉಳಿದಿರುತ್ತದೆ. ಓಟೆ ಬಿದಿರಿನ ತುಂಡನ್ನು ಕಣ್ಣಿಗೆ ಹಿಡಿದು ನೋಡಿದಂತೆ: ನೇರದಲ್ಲಿರುವ ಸಣ್ಣ ಅಕ್ಷರವೂ ಸ್ಪಷ್ಟ, ಪಕ್ಕದಲ್ಲಿ ನಿಂತ ಆನೆಯೂ ಕಾಣದು. ಇಂಥವರಿಗೆ ಅಕ್ಷರವನ್ನು ಹಿಗ್ಗಿಸಿದರೆ, ಒಂದು ನೋಟಕ್ಕೆ ಇಡೀ ಸಾಲು ಸಿಗುತ್ತಿದ್ದ ಜಾಗದಲ್ಲಿ ಎರಡು ಮೂರು ಪದ ಮಾತ್ರ ಹಿಡಿಸುತ್ತವೆ. ಮಾನಿಟರ್ ದೊಡ್ಡದಾದಷ್ಟೂ ಹುಡುಕಾಡಬೇಕಾದ ಬಯಲು ದೊಡ್ಡದಾಗುತ್ತದೆ.

ನಮ್ಮ ಕಾನೂನು ಕೂಡ ಇದನ್ನು ಗುರುತಿಸಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಅಂಧತ್ವವನ್ನು ಅಕ್ಷರಫಲಕ ಓದುವ ಶಕ್ತಿಯೊಂದರಿಂದಲೇ ಅಳೆಯುವುದಿಲ್ಲ. ದೃಷ್ಟಿಯ ವ್ಯಾಪ್ತಿ 10 ಡಿಗ್ರಿಗಿಂತ ಕಡಿಮೆಯಿದ್ದರೆ, ಫಲಕದ ಕೊನೆಯ ಸಾಲನ್ನು ಓದಬಲ್ಲವರೂ ಆ ವ್ಯಾಖ್ಯೆಯೊಳಗೆ ಬರುತ್ತಾರೆ. 40ರಿಂದ 10 ಡಿಗ್ರಿಯೊಳಗಿದ್ದರೆ ಮಂದದೃಷ್ಟಿ. ‘ಅಷ್ಟು ಸಣ್ಣ ಅಕ್ಷರ ಓದುತ್ತಾರೆ, ಬಾಗಿಲ ಬಳಿಯ ಕುರ್ಚಿಗೆ ಮಾತ್ರ ಎಡವುತ್ತಾರೆ’ ಎಂದು ಕಚೇರಿಯಲ್ಲಿ ಯಾರಾದರೂ ಗೊಣಗಿದ್ದರೆ ಅವರಿಗೂ ಇದನ್ನು ಓದಿಸಿ.

ಬೇರೆ ಕಣ್ಣಿನ ಕತೆ ಬೇರೆ. ರೆಟಿನಾದ ನಡುಭಾಗವಾದ ಮ್ಯಾಕ್ಯುಲಾ ಹಾಳಾದವರಿಗೆ ನಡುವಿನ ನೋಟವೇ ಹೋಗಿರುತ್ತದೆ. ಅವರಿಗೆ ನಿಮ್ಮ ದೊಡ್ಡ ಮಾನಿಟರ್ ವರದಾನ. ಪೊರೆ ಬಂದವರಿಗೆ ಬಿಳಿ ಪುಟದ ಝಳವೇ ಶತ್ರು. ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮನಿಲ್ಲದ ಆಸ್ಟಿಗ್ಮ್ಯಾಟಿಸಂ ದೋಷ ಇರುವ ಕೆಲವರಿಗೆ ಕಪ್ಪಿನ ಮೇಲಿನ ಬಿಳಿ ಅಕ್ಷರ ಕದಡಿದಂತೆ ಕಾಣುತ್ತದೆ, ಅವರು ತಿಳಿ ಹಿನ್ನೆಲೆಯನ್ನೇ ಬಯಸುತ್ತಾರೆ. ಕೆಂಪು ಹಸಿರಿನ ವ್ಯತ್ಯಾಸ ತಿಳಿಯದವರು ನಿಮ್ಮ ತಂಡದಲ್ಲೇ ಇದ್ದು, ಈವರೆಗೆ ಹೇಳದೆಯೂ ಇರಬಹುದು. ‘ಕಣ್ಣಿನ ತೊಂದರೆ ಇರುವವರಿಗಾಗಿ’ ಎಂದು ಒಂದೇ ಒಂದು ನಮೂನೆಯನ್ನು ಹೊಲಿದು ಎಲ್ಲರಿಗೂ ತೊಡಿಸುವ ಸಾಫ್ಟ್‌ವೇರ್‌ಗಳ ಮೇಲೆ ನನಗೆ ಸಿಟ್ಟಿರುವುದು ಇದಕ್ಕೇ. ಅಕ್ಷರದ ಗಾತ್ರ, ಬಣ್ಣ, ಸಾಲಿನ ಅಗಲ ಇವು ಓದುವವರ ಕೈಯಲ್ಲಿರಬೇಕು. ಬರೆಯುವವರ ಕೆಲಸ ಪಠ್ಯವನ್ನು ಪಠ್ಯವಾಗಿಯೇ ಉಳಿಸಿಕೊಡುವುದು. ಮುಂದೆ ಹೇಳುವುದೆಲ್ಲ ಬಹುಪಾಲು ಈ ಎರಡು ಮಾತುಗಳ ವಿವರ.

ಮೊದಲು ಅವರನ್ನೇ ಕೇಳಿ, ಆದರೆ ಎಲ್ಲರ ಎದುರು ಬೇಡ; ‘ನಿಮಗೆ ಎಷ್ಟು ಕಾಣುತ್ತದೆ’ ಎಂದೂ ಬೇಡ. ಕೆಲಸದ ಬಗ್ಗೆ ಕೇಳಿ. ಪರದೆಯ ಮೇಲೆ ಹೆಚ್ಚಾಗಿ ಕಳೆದುಹೋಗುವುದು ಯಾವುದು: ಕರ್ಸರೋ, ಮೌಸಿನ ಬಾಣವೋ, ದೋಷದ ಸಂದೇಶವೋ? ಕಪ್ಪು ಹಿನ್ನೆಲೆ ಹಿತವೋ, ಬಿಳಿಯೋ? ದಿನದ ಯಾವ ಹೊತ್ತಿನಲ್ಲಿ ಕಣ್ಣು ಸೋಲುತ್ತದೆ? ಹೀಗೆ ಕೇಳಿದರೆ ಸಂಕೋಚ ಪಡುವವರೂ ಉತ್ತರ ಕೊಡುತ್ತಾರೆ, ಏಕೆಂದರೆ ಇದು ಅನುಕಂಪದ ಮಾತಲ್ಲ, ಉಪಕರಣದ ಮಾತು.

ನಿಮ್ಮ ಊರಿಗೇ ಸೇರಿದ ಎರಡು ಸಂಗತಿಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಜೂನ್ ದಾಟಿದ ಮೇಲೆ ಕೊಡಗಿನಲ್ಲಿ ಹಗಲಿಗೂ ಮುಸ್ಸಂಜೆಗೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಅವರ ಕಣ್ಣು ಬೆಳಕಿನಿಂದ ಮಬ್ಬಿಗೆ ಒಗ್ಗಿಕೊಳ್ಳಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಮೇಜಿನ ಸುತ್ತ ಒಂದೇ ಸಮನಾದ ಬೆಳಕಿರಲಿ. ಗೋಡೆಯ ಕಿಟಕಿ ಮಾನಿಟರಿನ ಹಿಂದೆ ಬರದಂತೆ, ಪಕ್ಕಕ್ಕೆ ಬರುವಂತೆ ಕೂರಿಸಿ. ಎರಡನೆಯದು ಕರೆಂಟು. ಮಳೆಗೆ ಕರೆಂಟು ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದಾಗ, ಬ್ಯಾಟರಿ ಉಳಿಸುವ ವ್ಯವಸ್ಥೆ ಪರದೆಯ ಬೆಳಕನ್ನು ತಾನಾಗಿಯೇ ತಗ್ಗಿಸುತ್ತದೆ. ನಿಮಗದು ಗಮನಕ್ಕೂ ಬರುವುದಿಲ್ಲ. ಅವರಿಗೆ ಕೋಡ್ ಇಡಿಯಾಗಿ ಮಾಯ. ಆ ಸೌಲಭ್ಯವನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿಡಿ. ಸುಂಟಿಕೊಪ್ಪ ಕಡೆಯಿಂದ ಬಸ್ಸಿನಲ್ಲಿ ಬಂದು ಹೋಗುವವರಾದರೆ, ಮಳೆಗಾಲದಲ್ಲಿ ಬೆಳಕಿರುವಾಗಲೇ ಮನೆ ಸೇರುವಂತೆ ಕೆಲಸದ ವೇಳೆಯನ್ನು ಹಿಂದೆ ಮುಂದೆ ಮಾಡಿಕೊಡಿ. ಇದು ಸಾಫ್ಟ್‌ವೇರ್ ವಿಷಯವಲ್ಲ, ಆದರೂ ಕೆಲಸ ಬಿಡುವ ನಿರ್ಧಾರಗಳು ಎಷ್ಟೋ ಸಲ ಇಂಥ ಜಾಗದಲ್ಲೇ ಹುಟ್ಟುತ್ತವೆ.

ಇನ್ನು ಎಡಿಟರ್. ನೀವು ವಿಎಸ್ ಕೋಡ್ ಎಂಬ ಎಡಿಟರ್ ಬಳಸುತ್ತೀರೆಂದು ಭಾವಿಸಿ ಹೇಳುತ್ತೇನೆ. ಅದರ ವಿಂಡೋವನ್ನು ಪರದೆಯ ತುಂಬ ಹರಡದೆ, ಅವರಿಗೆ ಬೇಕಾದಷ್ಟು ಅಗಲಕ್ಕೆ ಕಿರಿದು ಮಾಡಿ ನಡುವೆ ಇರಿಸಿಕೊಳ್ಳಲಿ. ಉದ್ದ ಸಾಲು ತಾನಾಗಿ ಮುರಿಯುವ ವರ್ಡ್ ರ‍್ಯಾಪ್ ಇರಲಿ. ಇಡೀ ಫೈಲನ್ನು ಕಿರಿದಾಗಿ ತೋರಿಸುವ ಬಲಬದಿಯ ಮಿನಿಮ್ಯಾಪ್ ಅವರಿಗೆ ಬರಿಯ ಗದ್ದಲ, ತೆಗೆಯಿರಿ. ಯಾವ ಫಂಕ್ಷನ್ ಒಳಗಿದ್ದೇವೆ ಎಂಬುದನ್ನು ಮೇಲೆಯೇ ಅಂಟಿಸಿ ತೋರಿಸುವ ಸ್ಟಿಕಿ ಸ್ಕ್ರೋಲ್ ಮಾತ್ರ ನಿಜಕ್ಕೂ ಉಪಯೋಗಿ. ಕರ್ಸರ್ ಮಿನುಗುವುದನ್ನು ನಿಲ್ಲಿಸಿ, ಗೆರೆಯ ಬದಲು ದಪ್ಪ ಚೌಕ ಮಾಡಿಕೊಳ್ಳಬಹುದು. ವಿಂಡೋಸ್‌ನಲ್ಲಿಯೇ ಪಠ್ಯದ ಕರ್ಸರಿಗೆ ಬಣ್ಣದ ಗುರುತು ಹಚ್ಚುವ, ಕಂಟ್ರೋಲ್ ಕೀಲಿ ಒತ್ತಿದರೆ ಮೌಸಿನ ಬಾಣ ಎಲ್ಲಿದೆಯೆಂದು ಸುತ್ತು ಹಾಕಿ ತೋರಿಸುವ ಸೌಲಭ್ಯಗಳಿವೆ. ಬಾಣ ಹುಡುಕುವುದರಲ್ಲೇ ಕಣ್ಣು ದಣಿಯುವವರಿಗೆ ಇವು ದೊಡ್ಡ ಬಿಡುಗಡೆ.

ಅದಕ್ಕಿಂತಲೂ ದೊಡ್ಡ ಬಿಡುಗಡೆ ಬಾಣವನ್ನೇ ಮರೆಯುವುದು. ಕಣ್ಣಾಡಿಸಿ ಹುಡುಕುವ ಕೆಲಸವನ್ನೆಲ್ಲ ಕೀಬೋರ್ಡಿಗೆ ವಹಿಸಬಹುದು: ಎಫ್8 ಒತ್ತಿದರೆ ಮುಂದಿನ ದೋಷ, ಎಫ್12 ಒತ್ತಿದರೆ ಫಂಕ್ಷನ್ ಬರೆದಿರುವ ಜಾಗ, ಕಂಟ್ರೋಲ್ ಜೊತೆ ಜಿ ಒತ್ತಿ ಸಾಲಿನ ಸಂಖ್ಯೆ ಕೊಟ್ಟರೆ ನೇರ ಆ ಸಾಲು, ಕಂಟ್ರೋಲ್ ಶಿಫ್ಟ್ ಓ ಒತ್ತಿದರೆ ಫೈಲಿನೊಳಗಿನ ಹೆಸರುಗಳ ಪಟ್ಟಿ. ಸೂಚನೆಗಳು ಬಲಗಡೆ ಕೆಳಮೂಲೆಯಲ್ಲಿ ಮೂಡಿ ಮರೆಯಾಗುತ್ತವಲ್ಲ, ಅವರ ಮಟ್ಟಿಗೆ ಅವು ಮೂಡುವುದೇ ಇಲ್ಲ. ದೋಷವಿರುವ ಸಾಲಿಗೆ ಬಂದಾಗ ಸಣ್ಣ ಸದ್ದು ಮಾಡುವ ಏರ್ಪಾಡು ವಿಎಸ್ ಕೋಡ್‌ನಲ್ಲಿದೆ, ಅದನ್ನು ಚಾಲೂ ಮಾಡಿ.

ಬಣ್ಣದ ಬಗ್ಗೆ ಒಂದೇ ಎಚ್ಚರ. ಕಪ್ಪು ಎಡಿಟರ್‌ನಿಂದ ಬಿಳಿ ಬ್ರೌಸರಿಗೆ, ಅಲ್ಲಿಂದ ಮತ್ತೆ ಕಪ್ಪಿಗೆ ದಿನವಿಡೀ ಜಿಗಿಯುವುದು ಅವರ ಕಣ್ಣಿಗೆ ಶಿಕ್ಷೆ. ಕಪ್ಪೋ ಬಿಳಿಯೋ, ಎಲ್ಲ ಕಿಟಕಿಗಳೂ ಒಂದೇ ಬಗೆ ಇರಲಿ. ಎಷ್ಟೋ ಥೀಮ್‌ಗಳು ಕೋಡಿನೊಳಗಿನ ಟಿಪ್ಪಣಿಗಳಾದ ಕಾಮೆಂಟುಗಳನ್ನು ತೆಳು ಬೂದು ಬಣ್ಣದ ಓರೆ ಅಕ್ಷರದಲ್ಲಿ ತೋರಿಸುತ್ತವೆ, ಓದಬೇಡಿ ಎಂದು ಬೇಡಿಕೊಳ್ಳುವಂತೆ. ಹೈ ಕಾಂಟ್ರಾಸ್ಟ್ ಥೀಮ್ ಪರೀಕ್ಷಿಸಿ ನೋಡಲಿ.

ಈಗ ಕಿವಿಯ ಮಾತು. ಪರದೆಯ ಮೇಲಿರುವುದನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್ ಪೂರ್ತಿ ಕಾಣದವರಿಗೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ. ಕೋಡನ್ನು ಕಣ್ಣಿನಿಂದ ಓದಿ, ಉದ್ದುದ್ದ ಕೈಪಿಡಿಗಳನ್ನು ಕಿವಿಯಿಂದ ಓದುವವರು ಬೇಕಾದಷ್ಟಿದ್ದಾರೆ. ಸಂಜೆಯ ಹೊತ್ತಿಗೆ ಕಣ್ಣಿನ ಶಕ್ತಿ ಉಳಿದಿರುತ್ತದೆ. ಕಲಿಯಬೇಕೋ ಬೇಡವೋ ಎಂಬುದು ಅವರ ನಿರ್ಧಾರ. ಈ ಕಾಯಿಲೆ ನಿಧಾನವಾಗಿ ಮುಂದುವರಿಯುವ ಜಾತಿಯದಾದ್ದರಿಂದ, ಕಣ್ಣು ಜೊತೆಗಿರುವಾಗಲೇ ಕಲಿತರೆ ಕಲಿಕೆ ಸುಲಭ ಎಂಬುದು ನನ್ನ ಅಭಿಪ್ರಾಯ. ನೀವು ಅದನ್ನು ಹೇರಬೇಡಿ, ಲಭ್ಯವಾಗಿಸಿ.

ವಿಂಡೋಸ್‌ಗೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಇದನ್ನು ಆರಂಭಿಸಿದರು, ಬಳಿಕ ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರೂ ಕಣ್ಣು ಕಾಣದವರು. ಬಹುಪಾಲು ಬರೆದಿರುವುದು ಪೈಥಾನ್‌ನಲ್ಲಿ. ಇಂಡೆಂಟೇಶನ್ (ಸಾಲಿನ ಆರಂಭದಲ್ಲಿ ಬಿಡುವ ಜಾಗ) ತಪ್ಪಿದರೆ ಓಡದ ಭಾಷೆಯಲ್ಲಿ ಕಾಣದವರು ಕೋಡ್ ಬರೆಯುವುದು ಹೇಗೆ ಎಂದು ಅಚ್ಚರಿಪಡುವವರಿಗೆ ಇದೇ ಉತ್ತರ. ಸಾಲು ಎಷ್ಟು ಒಳಕ್ಕಿದೆ ಎಂಬುದನ್ನು ಎನ್‌ವಿಡಿಎ ಮಾತಿನಲ್ಲಿಯೂ ಹೇಳಬಲ್ಲದು, ಸ್ವರದಲ್ಲಿಯೂ ಸೂಚಿಸಬಲ್ಲದು. ಒಳಕ್ಕೆ ಹೋದಂತೆ ಸ್ವರ ಏರುತ್ತದೆ. ಆವರಣ, ಅಲ್ಪವಿರಾಮ, ಉದ್ಧರಣ ಚಿಹ್ನೆಗಳನ್ನೆಲ್ಲ ಓದಿ ಹೇಳಬೇಕೆಂದರೆ ಚಿಹ್ನೆಗಳ ಮಟ್ಟವನ್ನು ಹೆಚ್ಚಿಸಿಕೊಳ್ಳಬೇಕು. ಕೋಡಿಗೊಂದು, ಸಾದಾ ಓದಿಗೊಂದು ಪ್ರತ್ಯೇಕ ಪ್ರೊಫೈಲ್ ಮಾಡಿಟ್ಟರೆ ಪದೇ ಪದೇ ಬದಲಿಸುವ ರಗಳೆ ಇಲ್ಲ. ಅದರ ಜೊತೆಯಲ್ಲೇ ಬರುವ ಇಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಯಂತ್ರದ ದನಿ, ಇಂಪೇನೂ ಇಲ್ಲ. ಆದರೆ ಇಂಟರ್ನೆಟ್ ಬೇಕಿಲ್ಲ, ವೇಗ ಹೆಚ್ಚಿಸಿದರೂ ಪದಗಳು ಮಸುಕಾಗುವುದಿಲ್ಲ. ನೆಟ್‌ವರ್ಕ್ ಮಳೆಯ ಮರ್ಜಿಗೆ ಬಿದ್ದಿರುವ ನಿಮ್ಮ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ.

ಪುಣೆಯಲ್ಲಿ ಹುಟ್ಟಿ, 14ನೇ ವಯಸ್ಸಿನಲ್ಲಿ ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡ ಟಿ. ವಿ. ರಾಮನ್ 1990ರ ದಶಕದಲ್ಲಿ, ಈಮ್ಯಾಕ್ಸ್ ಎಂಬ ಎಡಿಟರಿಗೆ ದನಿ ಕೊಡುವ ಈಮ್ಯಾಕ್‌ಸ್ಪೀಕ್ ರೂಪಿಸಿದಾಗ ಬೇರೆಯೇ ದಾರಿ ಹಿಡಿದರು. ಪರದೆಯ ಮೇಲೆ ಏನು ಬರೆದಿದೆಯೋ ಅದನ್ನು ಎಡದಿಂದ ಬಲಕ್ಕೆ ಒದರುವ ಬದಲು, ಇದು ಕಾಮೆಂಟು, ಇದು ಕೀಲಿಪದ, ಇದು ಸ್ಟ್ರಿಂಗ್ ಎಂಬ ಭೇದವನ್ನು ಧ್ವನಿಯ ಬದಲಾವಣೆಯಿಂದಲೇ ತಿಳಿಸುವ ವ್ಯವಸ್ಥೆ ಅದು. ನಿಮ್ಮವರು ಈಮ್ಯಾಕ್ಸ್ ಬಳಸಬೇಕೆಂದು ಹೇಳುತ್ತಿಲ್ಲ. ಕೈಪಿಡಿಯ ವಿಷಯಕ್ಕೆ ಬಂದಾಗ ಆ ಯೋಚನೆ ನಿಮಗೆ ನೇರ ಕೆಲಸಕ್ಕೆ ಬರುತ್ತದೆ, ಅದಕ್ಕೆ ಹೇಳಿದೆ.

ಕೋಡ್ ಬರೆಯುವ ರೂಢಿಯಲ್ಲಿ ಹೆಚ್ಚು ಬದಲಿಸಬೇಕಿಲ್ಲ. ಫಂಕ್ಷನ್‌ಗಳು ಚಿಕ್ಕದಿರಲಿ, ಸಾಲುಗಳು ಗಿಡ್ಡವಿರಲಿ. ಜಾವಾಸ್ಕ್ರಿಪ್ಟ್‌ನಂಥ ಕಡೆ ಸ್ಪೇಸ್ ಬದಲು ಟ್ಯಾಬ್ ಬಳಸಿದರೆ, ಅದರ ಅಗಲವನ್ನು ಪ್ರತಿಯೊಬ್ಬರೂ ತಮಗೆ ಬೇಕಾದಷ್ಟು ಇಟ್ಟುಕೊಳ್ಳಬಹುದು, ಫೈಲು ಬದಲಾಗುವುದಿಲ್ಲ. ಒಟ್ಟುಚೆರ್ರಿತೂಕ ಎಂಬಂಥ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಪ್ರತಿ ಪದದ ಮೊದಲ ಅಕ್ಷರ ದೊಡ್ಡದಿದ್ದರೆ ಸ್ಕ್ರೀನ್ ರೀಡರ್ ಪದ ಬಿಡಿಸಿ ಓದುತ್ತದೆ, ಇಲ್ಲದಿದ್ದರೆ ಒಂದೇ ಉಸಿರಿನ ಗೊಣಗಾಟ. ಕಾಮೆಂಟುಗಳೊಳಗೆ ಅಕ್ಷರಗಳಿಂದ ಕಟ್ಟಿದ ಚೌಕಟ್ಟು, ನಕ್ಷತ್ರಗಳ ಸಾಲು ಬೇಡ. ಕಾಮೆಂಟುಗಳಲ್ಲಿ ಕನ್ನಡ ಇಂಗ್ಲಿಷ್ ಬೆರೆಸುವುದೂ ಬೇಡ. ಎಡಿಟರಿನೊಳಗೆ ‘ಇದು ಕನ್ನಡ’ ಎಂದು ಧ್ವನಿಗೆ ತಿಳಿಸುವ ಗುರುತು ಇರುವುದಿಲ್ಲ. ಕನ್ನಡವನ್ನು ಕೈಪಿಡಿಗೆ ಮೀಸಲಿಡಿ.

ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಗಿರ್ರನೆ ತಿರುಗುವ ಗೆರೆಗಳ ಅಲಂಕಾರ ಕಿವಿಗೆ ಕಿರಿಕಿರಿ. ನೀವೇ ಬರೆದ ಸ್ಕ್ರಿಪ್ಟುಗಳಲ್ಲಿ ಅದನ್ನು ನಿಲ್ಲಿಸುವ ಆಯ್ಕೆ ಕೊಡಿ. ದೋಷ ಸಂದೇಶದಲ್ಲಿ ಮೊದಲು ಏನು ತಪ್ಪಾಯಿತು, ಆಮೇಲೆ ಯಾವ ಫೈಲು, ಯಾವ ಸಾಲು; ಉಳಿದ ಪುರಾಣ ಕೊನೆಗೆ. ಮತ್ತೆ, ನಿಮ್ಮ ತಂಡದಲ್ಲಿಯೂ ಬಹುಶಃ ಇರುವ, ಬಿಡಬೇಕಾದ ಒಂದು ಚಾಳಿ: ದೋಷ ಬಂದ ಪರದೆಯ ಫೋಟೋ ತೆಗೆದು ವಾಟ್ಸಾಪಿಗೆ ಹಾಕುವುದು. ಆ ಫೋಟೋ ಹಿಗ್ಗಿಸಿದರೆ ಕದಡುತ್ತದೆ, ಬಣ್ಣ ಬದಲಿಸಲಾಗದು, ಸ್ಕ್ರೀನ್ ರೀಡರ್‌ಗೆ ಅದು ಖಾಲಿ. ಸಂದೇಶವನ್ನು ನಕಲಿಸಿ ಪಠ್ಯವಾಗಿ ಕಳುಹಿಸಿ ಎಂದು ಇಂದೇ ನಿಯಮ ಮಾಡಿ.

ಕೈಪಿಡಿಯೇ ನಿಮ್ಮ ದೊಡ್ಡ ಸಮಸ್ಯೆ ಎಂದು ನನ್ನ ಊಹೆ, ಏಕೆಂದರೆ ನಾನು ನೋಡುವ ಕನ್ನಡ ಕೈಪಿಡಿಗಳಲ್ಲಿ ಹೆಚ್ಚಿನವು ಒಂದೇ ರೋಗದಿಂದ ನರಳುತ್ತವೆ. ವರ್ಡ್‌ನಲ್ಲಿ ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಟೈಪ್ ಮಾಡಿ, ನಡುನಡುವೆ ಪರದೆಯ ಚಿತ್ರ ಅಂಟಿಸಿ, ಕೆಂಪು ಸುತ್ತು ಹಾಕಿ, ಪಿಡಿಎಫ್ ಮಾಡಿ ಹಂಚುವುದು. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಅಲ್ಲದ ಆ ಹಳೆಯ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದಷ್ಟೇ ಕನ್ನಡ. ಒಳಗೆ ಶೇಖರವಾಗಿರುವುದು ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಕಲಸುಮೇಲೋಗರ. ಸ್ಕ್ರೀನ್ ರೀಡರ್ ಅದನ್ನೇ ಶ್ರದ್ಧೆಯಿಂದ ಓದುತ್ತದೆ. ಹುಡುಕು ಎಂದರೆ ಪದ ಸಿಗುವುದಿಲ್ಲ. ಪರೀಕ್ಷೆ ಸುಲಭ: ಪಠ್ಯವನ್ನು ಆಯ್ದು ಬೇರೆ ಯಾವುದಾದರೂ ಇಂಗ್ಲಿಷ್ ಫಾಂಟ್ ಕೊಡಿ. ಕನ್ನಡ ಉಳಿದರೆ ಯೂನಿಕೋಡ್, ಗೋಜಲಾದರೆ ಹಳೆಯದು. ಯೂನಿಕೋಡಿಗೆ ಪರಿವರ್ತಿಸುವ ಉಚಿತ ತಂತ್ರಾಂಶಗಳಿವೆ. ಪರಿವರ್ತನೆಯ ನಂತರ ಒಮ್ಮೆ ಕಣ್ಣಾಡಿಸುವುದು ಅನಿವಾರ್ಯ, ಅರ್ಕಾವತ್ತು ಒತ್ತಕ್ಷರಗಳು ಅಲ್ಲಲ್ಲಿ ಕೈಕೊಡುತ್ತವೆ.

ಕೈಪಿಡಿಯನ್ನು ಪಿಡಿಎಫ್ ಬಿಟ್ಟು ವೆಬ್ ಪುಟದ ರೂಪವಾದ ಎಚ್‌ಟಿಎಮ್‌ಎಲ್‌ಗೆ ತನ್ನಿ. ಪಿಡಿಎಫ್ ಪುಟದ ಅಗಲವನ್ನು ಕಟ್ಟಿಹಾಕುತ್ತದೆ. ಹಿಗ್ಗಿಸಿದರೆ ಪ್ರತಿ ಸಾಲಿಗೂ ಎಡಬಲಕ್ಕೆ ಸರಿಸುತ್ತಾ ಓದಬೇಕು. ವೆಬ್ ಪುಟವಾದರೆ ಅಕ್ಷರ ಹಿಗ್ಗಿದಂತೆ ಸಾಲು ಮಡಚಿಕೊಳ್ಳುತ್ತದೆ. ವೆಬ್ ಪುಟಗಳು ಎಲ್ಲರಿಗೂ ಎಟುಕುವಂತೆ ಮಾಡಲು ಇರುವ ಜಾಗತಿಕ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿ, ಬರಹದ ಪುಟ 320 ಪಿಕ್ಸೆಲ್ ಅಗಲಕ್ಕೆ ಕಿರಿದಾದರೂ ಅಡ್ಡಡ್ಡ ಸರಿಸದೆ ಓದುವಂತಿರಬೇಕು ಎನ್ನುತ್ತದೆ. ಕಿರಿದಾದ ಕಿಟಕಿ ಬಯಸುವ ನಿಮ್ಮ ಸಹೋದ್ಯೋಗಿಗೂ ಇದೇ ಬೇಕಿರುವುದು. ಅದೇ ಮಾರ್ಗಸೂಚಿ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಕೇಳುತ್ತದೆ. ಬಿಳಿಯ ಮೇಲೆ 767676 ಎಂಬ ಬಣ್ಣದ ಸಂಕೇತದ ಬೂದು ಆ ಗಡಿಯನ್ನು ಹೇಗೋ ದಾಟುತ್ತದೆ. ವಿನ್ಯಾಸಕಾರರ ಮೆಚ್ಚಿನ 999999 ಹತ್ತಿರವೂ ಸುಳಿಯುವುದಿಲ್ಲ. ಕನ್ನಡಕ್ಕೆ ಇನ್ನೊಂದು ಸೇರಿಸಬೇಕು: ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಒತ್ತಕ್ಷರಗಳಿಗೆ ಸಾಲದು, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಅಂತರವನ್ನು ಧಾರಾಳವಾಗಿ ಕೊಡಿ. ಪುಟದ ಭಾಷೆ ಕನ್ನಡ ಎಂಬ ಗುರುತನ್ನು ಎಚ್‌ಟಿಎಮ್‌ಎಲ್‌ನ ಮೊದಲ ಸಾಲಿನಲ್ಲೇ ಹಾಕಿ. ನಡುವೆ ಬರುವ ಇಂಗ್ಲಿಷ್ ಆದೇಶಗಳಿಗೆ ಅವುಗಳದೇ ಗುರುತು. ಆಗ ಧ್ವನಿ ತಾನಾಗಿ ಭಾಷೆ ಬದಲಿಸುತ್ತದೆ.

ರಾಮನ್ ಅವರ ಯೋಚನೆ ಕೆಲಸಕ್ಕೆ ಬರುವುದು ಇಲ್ಲಿ. ಶೀರ್ಷಿಕೆಯನ್ನು ಬರಿದೆ ದಪ್ಪ ಅಕ್ಷರ ಮಾಡಿದರೆ ಕಣ್ಣಿಗೆ ಶೀರ್ಷಿಕೆ, ಯಂತ್ರಕ್ಕೆ ಸಾದಾ ಸಾಲು. ನಿಜವಾದ ಶೀರ್ಷಿಕೆಯ ಗುರುತು ಕೊಟ್ಟರೆ ಎನ್‌ವಿಡಿಎಯಲ್ಲಿ ಎಚ್ ಕೀಲಿ ಒತ್ತುತ್ತಾ ಒಂದರಿಂದ ಇನ್ನೊಂದಕ್ಕೆ ಜಿಗಿಯಬಹುದು, 60 ಪುಟದ ಕೈಪಿಡಿಯಲ್ಲೂ ಬೇಕಾದ್ದು ಬೇಗ ಸಿಗುತ್ತದೆ. ‘ಇಲ್ಲಿ ಒತ್ತಿ’ ಎಂಬ ಕೊಂಡಿಗಳು ಹತ್ತಿದ್ದರೆ ಕೊಂಡಿಗಳ ಪಟ್ಟಿಯಲ್ಲಿ ಅವು ಹತ್ತು ಸಲ ‘ಇಲ್ಲಿ ಒತ್ತಿ’ ಎಂದಷ್ಟೇ ಕೇಳಿಸುತ್ತವೆ. ‘ಮೇಲಿನ ಬಲಮೂಲೆಯ ಹಸಿರು ಗುಂಡಿ’ ಎನ್ನುವ ಬದಲು ಗುಂಡಿಯ ಹೆಸರನ್ನೇ ಬರೆಯಿರಿ, ಕೀಬೋರ್ಡಿನ ದಾರಿಯನ್ನೂ ಹೇಳಿ. ಕೋಡಿನ ಚಿತ್ರ ಎಲ್ಲಿಯೂ ಬೇಡ. ಡೇಟಾಬೇಸಿನ ನಕ್ಷೆ ಹಾಕಿದರೆ, ಯಾವ ಕೋಷ್ಟಕ ಯಾವುದಕ್ಕೆ ಹೇಗೆ ತಳುಕು ಹಾಕಿಕೊಂಡಿದೆ ಎಂಬುದನ್ನು ಕೆಳಗೆ ಮಾತಿನಲ್ಲೂ ಬರೆಯಿರಿ. ಹೀಗೆ ಬರೆಯುವಾಗ ನಕ್ಷೆಯ ತಪ್ಪುಗಳೂ ಸಿಕ್ಕಿಬೀಳುವುದುಂಟು. ಪೈಥಾನ್‌ನ ಅಧಿಕೃತ ದಾಖಲೆಗಳನ್ನು ಎಚ್‌ಟಿಎಮ್‌ಎಲ್, ಸಾದಾ ಪಠ್ಯ ಎರಡೂ ರೂಪಗಳಲ್ಲಿ ಇಳಿಸಿಕೊಂಡು ಇಟ್ಟುಕೊಳ್ಳಬಹುದು. ನೆಟ್‌ವರ್ಕ್ ಇಲ್ಲದ ದಿನಕ್ಕೂ ಆಯಿತು, ಬೇಕಾದ ಬಣ್ಣದಲ್ಲಿ ಓದಲೂ ಆಯಿತು.

ನೀವು ಕೇಳದಿದ್ದರೂ ನಿಮ್ಮ ಸಾಫ್ಟ್‌ವೇರ್ ಬಗ್ಗೆ ಒಂದು ಮಾತು. ಅದನ್ನು ಬಳಸುವ ತೋಟದ ಲೆಕ್ಕ ಬರೆಯುವ ರೈಟರುಗಳಲ್ಲಿ ಅನೇಕರು ಪೊರೆ ಬರುವ ವಯಸ್ಸಿನವರು. ‘ಉಳಿಸಲಾಗಿದೆ’ ಎಂಬ ಸೂಚನೆ ಮೂಲೆಯಲ್ಲಿ ಮೂರು ಸೆಕೆಂಡು ಮಿನುಗಿ ಹೋದರೆ, ಅವರು ಅದೇ ಹಾಜರಿಯನ್ನು ಎರಡನೇ ಸಲ ತುಂಬುತ್ತಾರೆ. ಸೂಚನೆಯನ್ನು ಗುಂಡಿಯ ಪಕ್ಕದಲ್ಲೇ ತೋರಿಸಿ, ಸ್ಕ್ರೀನ್ ರೀಡರ್ ತಾನಾಗಿ ಹೇಳುವಂತೆ ಸ್ಟೇಟಸ್ ಎಂಬ ಪಾತ್ರವನ್ನೂ ಕೊಡಿ. ಮಳೆಯ ಗ್ರಾಫಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಯನ್ನು ಹಸಿರು ಕಂಬದಿಂದ, ನಂತರ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆಯನ್ನು ಕೆಂಪು ಕಂಬದಿಂದ ತೋರಿಸಿದ್ದರೆ ಬಣ್ಣ ಗೊತ್ತಾಗದವರಿಗೆ ಎರಡೂ ಒಂದೇ. ಕಂಬದ ಮೇಲೆ ಹೆಸರು ಬರೆಯಿರಿ, ಜೊತೆಗೆ ಇಂಚು, ಸೆಂಟಿನ (ಇಂಚಿನ ನೂರನೇ ಒಂದು ಪಾಲು) ಕೋಷ್ಟಕವನ್ನೂ ಕೊಡಿ. ಪ್ಲಾಂಟರುಗಳು ಹೇಗೂ ನಂಬುವುದು ಕೋಷ್ಟಕವನ್ನೇ.

ಮಾಡಿದ್ದು ಸರಿಯೇ ಎಂದು ನೋಡಲು ಮೌಸನ್ನು ಕಿತ್ತಿಟ್ಟು ಒಂದು ದಿನದ ಚೆಕ್‌ರೋಲ್ ತುಂಬಿ. ಬ್ರೌಸರನ್ನು ಶೇಕಡ 400ಕ್ಕೆ ಹಿಗ್ಗಿಸಿ. ಎನ್‌ವಿಡಿಎಯಲ್ಲಿ ಪರದೆಯನ್ನು ಪೂರ್ತಿ ಕಪ್ಪಾಗಿಸುವ ಸ್ಕ್ರೀನ್ ಕರ್ಟನ್ ಇದೆ, ಅದನ್ನು ಹಾಕಿಕೊಂಡು ನಿಮ್ಮ ಕೈಪಿಡಿಯ ಒಂದು ಅಧ್ಯಾಯ ಕೇಳಿ. ತಾನಾಗಿ ಪರೀಕ್ಷಿಸುವ ಉಪಕರಣಗಳು ಬಣ್ಣದ ವ್ಯತ್ಯಾಸ, ಬಿಟ್ಟುಹೋದ ಚಿತ್ರವಿವರಣೆಯಂಥವನ್ನು ಹಿಡಿಯುತ್ತವೆ. ಚಿತ್ರಕ್ಕೆ ಕೊಟ್ಟ ವಿವರಣೆ ‘ಚಿತ್ರ 1’ ಎಂದಷ್ಟೇ ಇದ್ದರೆ ಅವೂ ಮೆಚ್ಚಿ ತಲೆದೂಗುತ್ತವೆ. ಆದರೆ ಪರೀಕ್ಷೆಯ ಹೊಣೆಯನ್ನೆಲ್ಲ ನಿಮ್ಮ ಹೊಸ ಸಹೋದ್ಯೋಗಿಯ ಹೆಗಲಿಗೆ ಹಾಕಬೇಡಿ. ಅವರು ಸೇರಿರುವುದು ಪ್ರೋಗ್ರಾಮರ್ ಆಗಿ.

ಖರ್ಚು ಕೇಳಿದ್ದೀರಿ. ಎನ್‌ವಿಡಿಎ, ವಿಎಸ್ ಕೋಡ್, ವಿಂಡೋಸ್‌ನ ಸೌಲಭ್ಯಗಳು ಇವಕ್ಕೆ ಹೆಚ್ಚುವರಿ ದುಡ್ಡಿಲ್ಲ. ಒಳ್ಳೆಯ ಹೆಡ್‌ಫೋನ್ ಒಂದು ಕೊಡಿಸಿ. ಒಂದೇ ಕಿವಿಯದಾದರೆ ಇನ್ನೊಂದು ಕಿವಿ ನಿಮ್ಮ ಮಾತಿಗೆ ಉಳಿಯುತ್ತದೆ. ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅವರು ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು, ಬೇಕಿದ್ದರೆ ಮಾತ್ರ. ಅದಿದ್ದರಷ್ಟೇ ಸೌಲಭ್ಯ ಎಂಬ ಷರತ್ತನ್ನು ನೀವು ಹಾಕಬೇಡಿ. ನಿಜವಾದ ಖರ್ಚು ಹಳೆಯ ಕೈಪಿಡಿಗಳನ್ನು ಪರಿವರ್ತಿಸುವ ಸಮಯ. ಎಲ್ಲವನ್ನೂ ಒಮ್ಮೆಗೇ ಹಿಡಿಯಬೇಡಿ. ಇನ್ನು ಮುಂದೆ ಬರೆಯುವುದು ಹೊಸ ಕ್ರಮದಲ್ಲಿರಲಿ, ಹಳೆಯದರಲ್ಲಿ ಅವರಿಗೆ ಈ ವಾರ ಬೇಕಾದ ಅಧ್ಯಾಯ ಯಾವುದೆಂದು ಕೇಳಿ ಅದರಿಂದ ಆರಂಭಿಸಿ. 27 ಅಂಗುಲದ ಮಾನಿಟರನ್ನು ತಂಡದಲ್ಲಿ ಬೇರೆ ಯಾರಾದರೂ ಸಂತೋಷದಿಂದ ತೆಗೆದುಕೊಳ್ಳುತ್ತಾರೆ.